ಪೊರ್ಬುಗಳ ನಾಲ್ಕು ಚಮಚ

ಅವರ ಎಡಗೈ ನೇರವಾಗುತ್ತಿರಲಿಲ್ಲ. ಮೊಣಕೈಯಲ್ಲಿ ಮಡಚಿ, ಅಂಗೈ ಮೇಲೆ ಮಾಡಿ, ಹೊಟ್ಟೆಯ ಎದುರು ಹಿಡಿದುಕೊಂಡೇ ಇರುತ್ತಿದ್ದರು. ಮೂವತ್ತು ವರ್ಷ ಟ್ರೇ ಹಿಡಿದ ಕೈ ಅದು. ಚಾಳಿನ ನಳ್ಳಿಗೆ ನೀರಿಗೆ ಬಂದಾಗಲೂ ಹಾಗೆಯೇ, ಪಾಯಖಾನೆಯ ಸಾಲಿನಲ್ಲಿ ಡಬ್ಬ ಹಿಡಿದು ನಿಂತಾಗಲೂ ಹಾಗೆಯೇ. ಡಬ್ಬ ಬಲಗೈಯಲ್ಲಿ. ಎಡಗೈಯ ಮೇಲೆ ನಮ್ಮ ಕಣ್ಣಿಗೆ ಕಾಣದ ಗ್ಲಾಸುಗಳಿವೆ, ಯಾರೂ ತಾಗಬಾರದು ಎಂಬಂತೆ ಜನರ ನಡುವೆ ಓರೆಯಾಗಿ ನಡೆಯುತ್ತಿದ್ದರು.

ನಮ್ಮ ಕಡೆ ಕ್ರಿಸ್ತರ ಗಂಡಸರಿಗೆ ಪೊರ್ಬುಗಳು ಎನ್ನುವುದು. ಇವರಿಗೂ ಒಂದು ಉದ್ದದ ಹೆಸರಿತ್ತು. ಚಾಳಿನಲ್ಲಿದ್ದ ನಾವು ನಾಲ್ಕು ಮನೆಯ ತುಳುವರು ಪೊರ್ಬುಗಳೇ ಎಂದು ಕರೆದೂ ಕರೆದೂ ಅದೇ ಉಳಿಯಿತು. ಅವರು ಮಂಗಳೂರಿನವರು, ನಾನು ಉಡುಪಿಯ ಹತ್ತಿರದವಳು. ನನ್ನ ಗಂಡ ಮಾಟುಂಗಾದ ಹೋಟೆಲಿನಲ್ಲಿ ಅಡಿಗೆಗಿದ್ದರು. ಮದುವೆಯಾಗಿ ಆಂಟಾಪ್ ಹಿಲ್‌ನ ಆ ಚಾಳಿಗೆ ಬಂದಾಗ ನನಗೆ ಹತ್ತೊಂಬತ್ತು. ಪೊರ್ಬುಗಳದ್ದು ಪಕ್ಕದ ಖೋಲಿ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ.

ಮಲಬಾರ್ ಹಿಲ್‌ನಲ್ಲಿ ಒಬ್ಬ ಬಿಳಿ ಸಾಹೇಬರ ಬಂಗಲೆಯಲ್ಲಿ ಬಟ್ಲರ್ ಆಗಿದ್ದವರು. ಸಾಹೇಬರು ಇಂಗ್ಲೆಂಡಿನವರು ಎಂದರೆ ಪೊರ್ಬುಗಳಿಗೆ ಸಿಟ್ಟು. ಸ್ಕಾಟ್ಲೆಂಡಿನವರು, ಅದು ಬೇರೆ. ನನಗೆ ಎರಡೂ ಒಂದೇ ಎಂದೆ. ಈ ಊರಿನವರು ನಿನ್ನನ್ನು ಮದ್ರಾಸಿ ಎಂದರೆ ಹೇಗಾಗ್ತದೆ ಎಂದು ಕೇಳಿದರು.

ಸಾಹೇಬರು ಎಲ್ಲ ಮಾರಿ ಹಡಗು ಹತ್ತುವಾಗ ಇವರಿಗೆ ನಾಲ್ಕು ಬಾಟಲಿ ಸ್ಕಾಚ್ ಕೊಟ್ಟು ಹೋಗಿದ್ದರು. ಅಂಗಡಿಯ ಸ್ಕಾಚ್ ಎಂದರೆ ಹತ್ತಾರು ಭಟ್ಟಿಯದ್ದು ಕಲಸಿದ್ದಂತೆ. ಇವು ಹಾಗಲ್ಲ. ಒಂದೊಂದೂ ಒಂದೇ ಭಟ್ಟಿಯದ್ದು, ಬರೀ ಬಾರ್ಲಿಯದ್ದು, ಬೇರೆಯದರ ಒಂದು ಹನಿ ಸೇರದ್ದು. ಈಗ ಅದಕ್ಕೆ ಸಿಂಗಲ್ ಮಾಲ್ಟ್ ಎನ್ನುತ್ತಾರೆಂದು ನನ್ನ ಮೊಮ್ಮಗ ಹೇಳಿದ. ಕಲಸಿದ್ದಕ್ಕೆ ಪೊರ್ಬುಗಳು ‘ಬೆರಕೆ’ ಎನ್ನುತ್ತಿದ್ದರು. ಆ ಮಾತು ಹೇಳುವಾಗ ನೊಣ ಓಡಿಸಿದ ಹಾಗೆ ಕೈ ಬೀಸುತ್ತಿದ್ದರು.

ಆಗ ಮುಂಬಯಿಯಲ್ಲಿ ದಾರೂಬಂದಿ. ಪರ್ಮಿಟ್ ಇಲ್ಲದವರ ಮನೆಯಲ್ಲಿ ಬಾಟಲಿ ಸಿಕ್ಕಿದರೆ ಜೈಲು. ಪರ್ಮಿಟ್ ಮಾಡಿಸಿಕೊಳ್ಳಿ ಎಂದು ನಾನೇ ಹೇಳಿದ್ದೆ. ಅದಕ್ಕೆ ಡಾಕ್ಟರರ ಹತ್ತಿರ ಈ ಮನುಷ್ಯನಿಗೆ ಕುಡಿಯದೆ ಆಗುವುದಿಲ್ಲ ಎಂದು ಬರೆಸಿಕೊಳ್ಳಬೇಕಂತೆ. “ವಾರಕ್ಕೆ ನಾಲ್ಕು ಚಮಚ ಕುಡಿಯುವವ ನಾನು. ಕುಡುಕ ಎಂದು ರುಜು ಹಾಕಲಾ?” ಎಂದರು. ಹಾಕಲಿಲ್ಲ.

ಆ ನಾಲ್ಕು ಚಮಚ ಭಾನುವಾರದ್ದು. ಇಗರ್ಜಿಯಿಂದ ಬಂದು, ಟ್ರಂಕಿನ ಮೇಲೆ ಬಿಳಿ ಬಟ್ಟೆ ಹಾಸಿ, ನಾಲ್ಕು ಸಣ್ಣ ಗ್ಲಾಸು ಇಡುತ್ತಿದ್ದರು. ಒಂದೊಂದಕ್ಕೆ ಒಂದೊಂದು ಚಮಚ, ಮೇಲೆ ಮಡಕೆಯ ನೀರು ನಾಲ್ಕೈದು ಹನಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಚಮಚವನ್ನು ಬಿಸಿನೀರಿನಲ್ಲಿ ತೊಳೆದು ಒರೆಸಲೇಬೇಕು. ನಮ್ಮ ಮಡಿಯೇ ವಾಸಿ ಎನ್ನಿಸುತ್ತಿತ್ತು ನನಗೆ. ಬಾಗಿಲು ಹಾಕಿದರೆ ಜನರಿಗೆ ಸಂಶಯ ಬರುತ್ತದೆಂದು ತೆರೆದೇ ಇಟ್ಟು ಪರದೆ ಬಿಡುತ್ತಿದ್ದರು.

ಮೊದಲ ಸಲ ನನ್ನನ್ನು ಕರೆದಾಗ ಬೈದೆ. ನಮ್ಮ ಕುಲದಲ್ಲಿ ಯಾರೂ ಮುಟ್ಟಿದವರಲ್ಲ ಎಂದೆ. ಕುಡಿಯಲಿಕ್ಕೆ ಯಾರು ಕೊಡ್ತಾರೆ ನಿನಗೆ, ಮೂಗು ಇಟ್ಟು ನೋಡು ಸಾಕು ಎಂದರು. ನೋಡಿದೆ. ಒಳ್ಳೆದುಂಟು ಎಂದೆ. ಅವರ ಮುಖ ಕಹಿಯಾಯಿತು.

“ಒಳ್ಳೆದು, ಕೆಟ್ಟದು ಎಲ್ಲ ಯಾರು ಬೇಕಾದರೂ ಹೇಳ್ತಾರೆ ಮಗಾ. ಯಾವುದರ ಹಾಗೆ ಉಂಟು, ಅದು ಹೇಳು.”

ನಾನು ಮೂರನೆಯ ಕ್ಲಾಸು. ಬಾಟಲಿಯ ಮೇಲಿನ ಇಂಗ್ಲಿಷ್ ನನಗೆ ಬರುವುದಿಲ್ಲ. ಹಾಗಾಗಿ ನಾಲ್ಕಕ್ಕೂ ನಾನೇ ಹೆಸರಿಟ್ಟೆ. ಒಂದು ಭತ್ತ. ಕುಚ್ಚಲಕ್ಕಿಗೆಂದು ಹಂಡೆಯಲ್ಲಿ ಭತ್ತ ಬೇಯಿಸುವಾಗ ಏಳುವ ಆವಿ ಇದೆಯಲ್ಲ, ಥೇಟ್ ಅದು. ಇನ್ನೊಂದು ಬೆಲ್ಲ. ಓಲೆಬೆಲ್ಲದ ಜೊತೆ ಒಣದ್ರಾಕ್ಷಿ ಡಬ್ಬಿಯಲ್ಲಿ ಹಾಕಿ ಮರೆತ ಹಾಗೆ. ಮೂರನೆಯದು ಕಡಲು. ಮಲ್ಪೆಯಲ್ಲಿ ದೋಣಿಗೆ ಎಣ್ಣೆ ಹಚ್ಚಿ ಮಗುಚಿ ಹಾಕಿರುತ್ತಾರೆ, ಪಕ್ಕದಲ್ಲಿ ಒದ್ದೆ ಹಗ್ಗ. ಕೊನೆಯದು ಹೊಗೆ. ಮಳೆಗಾಲದಲ್ಲಿ ಹಸಿ ತೆಂಗಿನ ಸಿಪ್ಪೆ ಒಲೆಗೆ ತುರುಕಿದರೆ ಬರುವ ಹೊಗೆ, ಅದರೊಳಗೆ ಆಸ್ಪತ್ರೆಯ ಟಿಂಚರು.

ಪೊರ್ಬುಗಳಿಗೆ ಹೊಗೆ ಪ್ರಾಣ. ನನಗೆ ಭತ್ತ. ಅದು ಚಿಕ್ಕ ಮಕ್ಕಳದ್ದು ಎಂದು ಅವರು, ಇದು ಸುಟ್ಟ ಮನೆಯದ್ದು ಎಂದು ನಾನು. ಪ್ರತಿ ವಾರ ಇದೇ ಜಗಳ. ಆದರೆ ಭತ್ತದಿಂದಲೇ ಶುರು ಮಾಡಬೇಕು, ಹೊಗೆ ಕೊನೆಗೆ. ದೊಡ್ಡ ಬಾಯಿಯವರು ಮನೆಗೆ ಬಂದ ಮೇಲೆ ಮೆಲುಮಾತಿನವರದ್ದು ಕೇಳಿಸುವುದಿಲ್ಲ ಎನ್ನುತ್ತಿದ್ದರು. ಹಾಗೆನ್ನುತ್ತ ನನ್ನನ್ನು ನೋಡುತ್ತಿದ್ದರು.

ರುಚಿಯ ವಿಷಯದಲ್ಲಿ ಆ ಮನುಷ್ಯ ಒಂದು ಸುಳ್ಳು ಆಡಿದವರಲ್ಲ. ಬಂಗಲೆಯಲ್ಲಿ ಒಮ್ಮೆ ಯಾರೋ ದೊಡ್ಡ ಅಧಿಕಾರಿ ಬಾಟಲಿ ತಂದಿದ್ದರಂತೆ. ಹೇಗಿದೆ ಬಟ್ಲರ್ ಎಂದು ಸಾಹೇಬರು ತಮಾಷೆಗೆ ಕೇಳಿದ್ದಕ್ಕೆ, ಎಲ್ಲರೆದುರು ಇದಕ್ಕೆ ನೀರು ಬಿದ್ದಿದೆ ಎಂದುಬಿಟ್ಟರಂತೆ. ಸಾಹೇಬರು ಮೂರು ದಿನ ಮಾತಾಡಲಿಲ್ಲ, ನಾಲ್ಕನೆಯ ದಿನ ಬಾಟಲಿಯ ಕಪಾಟಿನ ಬೀಗದಕೈ ಇವರಿಗೇ ಕೊಟ್ಟರಂತೆ. ನನ್ನ ಸಾರನ್ನು ಉಂಡು, ಇವತ್ತು ನಿನಗೆ ಗಂಡನ ಮೇಲೆ ಸಿಟ್ಟು ಬಂದಿತ್ತು, ಬೇಳೆ ಬೇಯುವ ಮೊದಲೇ ಇಳಿಸಿದ್ದಿ ಎಂದಿದ್ದರು. ಬಂದಿತ್ತು.

ಹೀಗೆ ಒಂದು ವರ್ಷ ಚಿಲ್ಲರೆ ನಡೆಯಿತು. ಒಂದು ಭಾನುವಾರ ಬೆಳಿಗ್ಗೆ ಚಾಳಿಗೆ ಪೊಲೀಸರು ಬಂದರು. ಹಿಂದುಗಡೆ ಯಾರೋ ಕಳ್ಳಭಟ್ಟಿ ಇಳಿಸುತ್ತಿದ್ದರಂತೆ, ಅದಕ್ಕೆ ಎಲ್ಲ ಖೋಲಿ ನೋಡುವುದಂತೆ. ಕೆಳಗಿನಿಂದ ಶುರು ಮಾಡಿದರು. ನಾವು ಎರಡನೆಯ ಮಾಳಿಗೆ. ಪೊರ್ಬುಗಳು ಇಗರ್ಜಿಯಲ್ಲಿ. ನೀರು ತುಂಬಿಸಿಡಲಿಕ್ಕೆಂದು ಅವರ ಬೀಗದಕೈ ನನ್ನ ಹತ್ತಿರ ಇರುತ್ತಿತ್ತು.

ಬಾಟಲಿಗಳನ್ನು ಸೆರಗಿನಲ್ಲಿ ಸುತ್ತಿ ನನ್ನ ಖೋಲಿಗೆ ತಂದೆ. ಅಕ್ಕಿ ಡಬ್ಬಕ್ಕೆ ಪೊಲೀಸರು ಕೋಲು ಹಾಕಿ ನೋಡುತ್ತಾರೆಂದು ಗೊತ್ತಿತ್ತು. ಉಪ್ಪಿನಕಾಯಿಯ ಭರಣಿ ಖಾಲಿಯಾಗಿತ್ತು, ಹಿಂದಿನ ದಿನ ತೊಳೆದು ಬಿಸಿಲಿಗಿಟ್ಟಿದ್ದೆ. ಖಾಲಿ ಇದ್ದದ್ದು ಅದೊಂದೇ. ನಾಲ್ಕರಲ್ಲೂ ಅರ್ಧರ್ಧ ಉಳಿದಿತ್ತು. ನಾಲ್ಕನ್ನೂ ಅದಕ್ಕೇ ಹೊಯ್ದೆ. ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪೊರ್ಬುಗಳನ್ನು ಬಿಟ್ಟರೆ ಆ ಚಾಳಿನಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಕೈ ತನ್ನಷ್ಟಕ್ಕೆ ಭತ್ತದಿಂದ ಶುರು ಮಾಡಿ ಹೊಗೆಯನ್ನು ಕೊನೆಗೆ ಹೊಯ್ದಿತು.

ಖಾಲಿ ಬಾಟಲಿಗಳಿಗೆ ನೀರು ತುಂಬಿಸಿ ನನ್ನ ಮಗುವಿನ ಹೇಲುಬಟ್ಟೆ ನೆನೆಸಿದ ಬಾಲ್ದಿಗೆ ಅದ್ದಿದೆ, ಅರ್ಧ ಇದ್ದಾಗಲೇ ಹಾಕಿದ್ದರೆ ತೇಲುತ್ತಿದ್ದವು. ಆ ಬಾಲ್ದಿಗೆ ಯಾವ ಪೊಲೀಸನೂ ಕೈ ಹಾಕಲಾರ. ಭರಣಿಗೆ ಮುಚ್ಚಳ ಹಾಕಿ ಬಾಯಿಗೆ ಬಟ್ಟೆ ಬಿಗಿದೆ. ಹವಾಲ್ದಾರ ಬಂದವನು ಅದನ್ನೇ ನೋಡಿ, ಇದರಲ್ಲಿ ಏನು ಎಂದು ಮರಾಠಿಯಲ್ಲಿ ಕೇಳಿದ. ಲೋಣಚೆ, ಮಡಿಯಲ್ಲಿ ಹಾಕಿದ ಹೊಸ ಉಪ್ಪಿನಕಾಯಿ, ನೀನು ಮುಟ್ಟಿ ಬೂಷ್ಟು ಹಿಡಿದರೆ ವರ್ಷವಿಡೀ ನನ್ನ ಮನೆಗೆ ನೀನೇ ತಂದುಕೊಡಬೇಕು ಎಂದೆ. ಅವನ ಮನೆಯಲ್ಲೂ ಹೆಂಡತಿ ಇದ್ದಳು ಎಂದು ಕಾಣುತ್ತದೆ. ಚಾಚಿದ ಕೈ ಹಿಂದೆ ತೆಗೆದುಕೊಂಡ.

ಪೊರ್ಬುಗಳು ಬಂದಾಗ ಎಲ್ಲ ಹೇಳಿದೆ. ಯಾವುದಕ್ಕೆ ಹೊಯ್ದೆ ಎಂದು ಕೇಳಿದರು. ಭರಣಿ ತೋರಿಸಿದೆ. ನಾಲ್ಕನ್ನೂ ಇದೊಂದಕ್ಕೇ ಎಂದು ಕೇಳಿದರು. ಹೌದು ಎಂದೆ. ಅವರ ಎಡಗೈ ಕೆಳಗೆ ಇಳಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತಮ್ಮ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಒಂದು ವಾರ ಮಾತಿಲ್ಲ. ನಾನೂ ತಪ್ಪಾಯಿತು ಎನ್ನಲಿಲ್ಲ. ಅವರು ಜೈಲಿಗೆ ಹೋಗಬೇಕಿತ್ತೇ? ಅವರ ನೀರು ಮಾತ್ರ ತುಂಬಿಸಿಟ್ಟೆ. ಮೂರು ದಿನ ನನಗೆ ಊಟ ಸೇರಲಿಲ್ಲ, ಅದನ್ನೂ ಯಾರಿಗೂ ಹೇಳಲಿಲ್ಲ.

ಮುಂದಿನ ಭಾನುವಾರ ಒಂದು ಗ್ಲಾಸು, ಚಮಚ ಹಿಡಿದು ನನ್ನ ಬಾಗಿಲಿಗೆ ಬಂದರು. ಭರಣಿ ತೆಗಿ ಎಂದರು. ಒಂದು ಚಮಚ ಹಾಕಿ, ನೀರು ಹನಿಸಿ, ಹೊಸ್ತಿಲ ಮೇಲೆ ಕುಳಿತು ಕಣ್ಣು ಮುಚ್ಚಿ ಬಾಯಲ್ಲಿ ಇಟ್ಟುಕೊಂಡರು. ನಾನು ಭರಣಿಯ ಬಟ್ಟೆ ಹಿಡಿದು ನಿಂತೇ ಇದ್ದೆ.

“ಭತ್ತ ಬಂತು,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಬೆಲ್ಲ. ಅದರ ಹಿಂದೆ ಕಡಲು. ಹೊಗೆ ಕೊನೆಗೆ. ನಾಲ್ಕೂ ಉಂಟು ಮಗಾ. ಎಲ್ಲಿಗೂ ಹೋಗಿಲ್ಲ.”

ಹಾಗಾದರೆ ಸರಿ ಎಂದು ಒಳಗೆ ಹೋದೆ. ಒಲೆಯ ಹೊಗೆಗೆ ಕಣ್ಣಲ್ಲಿ ನೀರು ಬಂತು ಎಂದು ಬರೆಯಬಹುದು, ಆದರೆ ಒಲೆ ಹಚ್ಚಿರಲಿಲ್ಲ.

ಆಮೇಲೆ ಪ್ರತಿ ಭಾನುವಾರ ನನ್ನ ಹೊಸ್ತಿಲಲ್ಲೇ. ಎರಡನೆಯ ವಾರ ಬೆಲ್ಲ ಮೊದಲು ಬಂತು ಎಂದರು. ಮೂರನೆಯ ವಾರ ಕಡಲನ್ನು ಹೇಳಲು ಮರೆತು, ಎದ್ದು ಹೋಗುವಾಗ ಸೇರಿಸಿದರು. ಒಂದು ಹನಿ ನೀರು ಬಿದ್ದರೆ ಕಂಡುಹಿಡಿಯುವ ಮನುಷ್ಯ. ನನಗೆ ತಿಳಿಯಿತು. ಭರಣಿಗೆ ನಾನೇ ಮೂಗಿಟ್ಟು ನೋಡಬಹುದಿತ್ತು, ಧೈರ್ಯವಾಗಲಿಲ್ಲ. ನಾಲಗೆ ಬಿಗಿಹಿಡಿದು ಗೊತ್ತಿಲ್ಲದ ನಾನು ಅಷ್ಟು ತಿಂಗಳು, ಹೌದಾ, ಇವತ್ತು ಬೆಲ್ಲ ಮೊದಲಾ ಎಂದು ಕೇಳುತ್ತ ಕುಳಿತೆ.

ಮರುವರ್ಷದ ಮಳೆಗಾಲದಲ್ಲಿ ಅವರ ಎದೆ ಕಟ್ಟಿತು. ಹಾಸಿಗೆ ಹಿಡಿದರು. ಆಸ್ಪತ್ರೆಗೆ ಬರುವುದಿಲ್ಲ ಎಂದರು. ಗಂಜಿ ನಾನೇ ಕೊಡುತ್ತಿದ್ದೆ. ಭಾನುವಾರ ಭರಣಿಯಿಂದ ಒಂದು ಚಮಚ ತಂದು ಬಾಯಿಗೆ ಬಿಟ್ಟೆ. ಅವರು ಭತ್ತ ಎಂದು ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ.

“ಸಾಕು ಪೊರ್ಬುಗಳೇ. ನಿಜ ಹೇಳಿ, ಅದರಲ್ಲಿ ಎಂತ ಸಿಗ್ತದೆ?”

ಅವರು ತುಟಿ ಒರೆಸಿಕೊಂಡರು.

“ಮಾವಿನ ಮಿಡಿ,” ಎಂದರು. “ಮೊದಲ ದಿನದಿಂದ ಅದೊಂದೇ.”

ಹಾಗಾದರೆ ಇಷ್ಟು ದಿನ ಯಾಕೆ ಕುಡಿದಿರಿ ಎಂದು ಜೋರು ಮಾಡಿದೆ. ಜೈಲಿನಲ್ಲಿ ಅದೂ ಸಿಗುತ್ತಿರಲಿಲ್ಲವಲ್ಲ ಎಂದರು. ನಗಲಿಕ್ಕೆ ಹೋಗಿ ಕೆಮ್ಮು ಬಂತು. ಬೆನ್ನು ನೀವಿದೆ. ಕೆಮ್ಮು ನಿಂತ ಮೇಲೆ ಹತ್ತಿರ ಕರೆದು, “ಸಾಸಿವೆ ಸ್ವಲ್ಪ ಜಾಸ್ತಿ ಹಾಕ್ತಿ ನೀನು,” ಎಂದರು.

ಬುಧವಾರ ಹೋದರು. ಅವರ ಅಣ್ಣನ ಮಗ ಬಂದು ಮಣ್ಣು ಮಾಡಿಸಿದ. ನಾನು ಮಗುವನ್ನು ಎತ್ತಿಕೊಂಡು ಇಗರ್ಜಿಯ ಗೇಟಿನವರೆಗೆ ಹೋಗಿದ್ದೆ. ಮನೆಗೆ ಬಂದು ಭರಣಿಯಲ್ಲಿ ಉಳಿದದ್ದನ್ನು ಮೋರಿಗೆ ಚೆಲ್ಲಿದೆ. ಚೆಲ್ಲುವ ಮೊದಲು ಮೂಗಿಟ್ಟು ನೋಡಿದೆ. ಹೌದು, ಉಪ್ಪಿನಕಾಯಿಯೇ. ಬೇರೆ ಏನೂ ಇರಲಿಲ್ಲ.

ಮುಂದಿನ ವರ್ಷ ಮಿಡಿ ಹಾಕುವಾಗ ಸಾಸಿವೆ ಒಂದು ಮುಷ್ಟಿ ಕಡಿಮೆ ಮಾಡಿದೆ. ಇವತ್ತಿಗೂ ಅಷ್ಟೇ ಹಾಕುವುದು. ಅವರು ಹೇಳಿದ್ದು ಸರಿ.