ಪಚ್ಚಿಲೆ ಟೀಚರ್

ಬಸ್ಸು ಗುರುವಾಯನಕೆರೆಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಕೈಚೀಲದ ಹುಳಿನೀರಿನ ಬಾಟಲಿ ಸೋರಿ ಪಕ್ಕದವರ ಸೀರೆ ಹಾಳಾಗಬಹುದಿತ್ತು. ಅದೇ ನೀರು ಮರಕ್ಕೆ ಕಟ್ಟಿದ ಚಿಪ್ಪಿಗಿಳಿದು ರಬ್ಬರ್ ಹಾಲು ಒಡೆಯಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮರದ ತೊಗಟೆ ಮತ್ತೊಮ್ಮೆ ಕಿತ್ತು ಬರಬಹುದಿತ್ತು. ಬಂಟ್ವಾಳದಲ್ಲಿ ಬಸ್ಸು ಹತ್ತಿದ ನಾನು ಇಷ್ಟಕ್ಕೂ ಒಂದೊಂದಾಗಿ ಹೆದರಿ ಮುಗಿಸುವಷ್ಟರಲ್ಲಿ ಮುಂದಿನ ಸೀಟಿನ ಬುಟ್ಟಿಯಿಂದ ಪಚ್ಚಿಲೆಯ, ಅದೇ ಬಂಡೆಗಂಟುವ ಕಡಲ ಚಿಪ್ಪಿನ, ಉಪ್ಪುವಾಸನೆ ಬಂತು. ಮೂಡುಬಿದಿರೆಯ ಲ್ಯಾಬಿನ ನಮ್ಮ ಟೀಚರ್ ನೆನಪಾದರು...

ಅವರು ಕಡಲ ಬದಿಯ ಬ್ಯಾರಿ ಮನೆತನದವರು. ಅಲೆ ಹೊಡೆದರೂ ಬಂಡೆ ಬಿಡದ ಪಚ್ಚಿಲೆ ಒದ್ದೆಯಲ್ಲೇ ಹೇಗೆ ಅಂಟುತ್ತದೆಂದು ನೋಡಿ, ಅದೇ ಬಗೆಯ ಪಾಲಿಮರ್ ಅಂಟು ಮಾಡಲು ಹೊರಟಿದ್ದರು; ನಾನು ಅವರ ಸಹಾಯಕ. ಪರೀಕ್ಷೆಗೆಂದು ತಂದದ್ದರಲ್ಲಿ ಅರ್ಧ ಸುಕ್ಕವಾಗಿ ಬುತ್ತಿಗೆ ಬರುತ್ತಿತ್ತು. ಹೊಟ್ಟೆ ಕೆಟ್ಟರೆ ಎಂದು ಹೆದರುತ್ತಲೇ ನಾನು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದೆ.

ಹಾಲು ತೆಗೆಯುವ ಗೀರು ನೆನೆಯದಂತೆ ರಬ್ಬರ್ ಮರಕ್ಕೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆ ಸುತ್ತುತ್ತಾರೆ. ಅದನ್ನು ತೊಗಟೆ ಒಣಗಿದ್ದಾಗಲೇ ಅಂಟಿಸಬೇಕು. ಟೀಚರರ ಅಂಟಿಗೆ ಆ ಹಂಗಿರಲಿಲ್ಲ. ಬೆಳ್ತಂಗಡಿ ಬಳಿಯ ತೋಟದವರೊಬ್ಬರು ನಂಬಿ ಮರ ಕೊಟ್ಟರು. ಸುರಿಯುವ ಜೂನಿನಲ್ಲಿ ಅಂಟಿಸಿದ್ದು ಮಳೆಗಾಲವಿಡೀ ಅಲ್ಲಾಡಲಿಲ್ಲ. ಬೇಸಗೆಯಲ್ಲಿ ಬಿಚ್ಚಲು ಹೋದರೆ ಜತೆಗೆ ತೊಗಟೆಯೂ ಬಂತು. ರಬ್ಬರ್ ಮರಕ್ಕೆ ತೊಗಟೆಯೇ ಬದುಕು. ಪಚ್ಚಿಲೆಗೆ ಬಂಡೆ ಬಿಡುವ ದರ್ದಿಲ್ಲ, ನಮಗೆ ಉಂಟು ಎಂಬುದು ಇಬ್ಬರಿಗೂ ಹೊಳೆದೇ ಇರಲಿಲ್ಲ.

ತೋಟದವರು ಸಿಟ್ಟಾಗಲಿಲ್ಲ. "ಅಂಟಿದ್ದು ಭಾರೀ ಲಾಯ್ಕ ಉಂಟು ಟೀಚರೇ. ಇನ್ನು ಮರವನ್ನೇ ಲ್ಯಾಬಿಗೆ ಕೊಂಡುಹೋಗಿ," ಎಂದರು.

ಟೀಚರ್ ನಗಲಿಲ್ಲ. ಗಾಯದ ಮೇಲೆ ಅಂಗೈಯಿಟ್ಟು, "ಬಿಡುವುದನ್ನೂ ಕಲಿಸಿ ತರ್ತೇನೆ. ಅಲ್ಲಿವರೆಗೆ ಬೇರೆ ಮರ ಕೇಳುವುದಿಲ್ಲ," ಎಂದರು.

ಹುಳಿನೀರು ಸೋಕಿದರೆ ಹಿಡಿತ ಸಡಿಲಿಸುವ ಅಂಟನ್ನು ಬಹುಮಟ್ಟಿಗೆ ಮಾಡಿಟ್ಟರು. ಆಮೇಲೆ ಕಾಯಿಲೆ... ದಫನಿನ ದಿನ ನಾನು ಮಸೀದಿಯ ಗೇಟಿನಾಚೆ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಉಳಿದ ಕೆಲಸ ಮುಗಿಸಲು ನನ್ನಂಥ ಪುಕ್ಕಲನಿಗೆ ವರ್ಷಗಳೇ ಹಿಡಿದವು. ಕಳೆದ ಜೂನಿನಲ್ಲಿ ಫೋನು ಮಾಡಿ, ಟೀಚರರ ಹೊಸ ಅಂಟು ಎಂದದ್ದೇ ತಡ, ತೋಟದವರು ಮರ ತೋರಿಸಲು ಆಳನ್ನು ಕಳಿಸಿದ್ದರು; ಮಳೆಯಲ್ಲೇ ಹೊದಿಕೆ ಅಂಟಿಸಿ ಬಂದಿದ್ದೆ. ತೊಗಟೆ ಮತ್ತೆ ಹೋದರೆ ಟೀಚರರ ಮಾತೂ ಹೋಗುತ್ತದೆಂದು ನನಗೆ ನಿದ್ದೆಯಿರಲಿಲ್ಲ.

ಇವತ್ತು ಬಸ್ಸು ಕೆಡಲಿಲ್ಲ, ಬಾಟಲಿ ಸೋರಲಿಲ್ಲ. ಹುಳಿನೀರಿನ ಬಟ್ಟೆ ಒತ್ತಿ ಎಳೆದಾಗ ಹೊದಿಕೆ ಸುಮ್ಮನೆ ಕಳಚಿ ಬಂತು. ತೊಗಟೆಯ ಮೇಲೆ ಒಂದು ಗೀಚೂ ಇಲ್ಲ. ತೋಟದವರು ಅದರ ಮೇಲೆ ಕೈಯಾಡಿಸಿ, ನನ್ನ ಹಿಂದಿನ ದಾರಿಯತ್ತ ನೋಡಿದರು.

"ಟೀಚರ್ ಎಲ್ಲಿ ಮಾರಾಯ್ರೇ? ಇದನ್ನು ನೋಡ್ಲಿಕ್ಕೆ ಅವರು ಬರ್ಲಿಲ್ವಾ?"

ಅವರಿಗೆ ಯಾರೂ ತಿಳಿಸಿರಲಿಲ್ಲ.