ಬಾಚಿಯ ಮುಂದಿನ ಕಾಲು

ನಿಟ್ಟೂರಿನ ಹತ್ತಿರ ಆಚಾರ್ರ ಮನೆಯಲ್ಲಿದ್ದು ಮರಗೆಲಸ ಕಲಿಯಲು ಹೋದಾಗ ಅವರ ಪದ್ಧತಿಗಳಲ್ಲಿ ಅರ್ಧದಷ್ಟರ ಮೇಲೆ ನನಗೆ ತಕರಾರಿತ್ತು. ಉಳಿಯನ್ನು ಏಕೆ ದಾಟಬಾರದು? ಅಮಾವಾಸ್ಯೆಯಂದು ಗರಗಸವನ್ನು ಏಕೆ ಮುಟ್ಟಬಾರದು?

"ರಜೆ ಸಿಕ್ತು ಅಂತ ಸುಮ್ನಿರೋದು ಬಿಟ್ಟು ಎಂತ ವಾದ ಮಾರಾಯ್ತಿ ನಿಂದು?" ಎನ್ನುತ್ತಿದ್ದರು ಆಚಾರ್ರು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳಿಗೆ ಅದು ಉತ್ತರವೇ ಅಲ್ಲ. ಆದರೂ ಅವರ ಮನೆಯ ಗಂಜಿ, ಮಿಡಿ ಉಪ್ಪಿನಕಾಯಿ, ಮರದ ಹೊಟ್ಟಿನ ವಾಸನೆಯ ಕೋಣೆಯಲ್ಲಿ ಹಾಸಿದ ಚಾಪೆ ನನಗೆ ಹಿತವಾಗಿದ್ದವು.

ಆ ಹಿತ ಒಂದು ಬೆಳಿಗ್ಗೆ ಹೋಯಿತು. ಆಚಾರ್ರು ನೆಲದ ಮೇಲೆ ಕೂತು, ಹಲಸಿನ ಹಲಗೆಯನ್ನು ಎಡಗಾಲಿನಲ್ಲಿ ಒತ್ತಿ ಹಿಡಿದು ಬಾಚಿಯಿಂದ ಕೆತ್ತುತ್ತಿದ್ದರು. ಗುದ್ದಲಿಯ ಹಾಗೆ ಅಡ್ಡ ಬಾಯಿರುವ ಬಾಚಿ ಬೀಳುವುದೇ ಹಿಡಿದವರ ಕಾಲಿನ ಕಡೆಗೆ. ಅವರ ಅಪ್ಪ, ಅಜ್ಜ ಎಲ್ಲರೂ ಹೀಗೇ ಕೆತ್ತಿದವರು. ನಾನು ಗುಡಿಸುತ್ತಿದ್ದ ಚಕ್ಕೆಗಳು ಕೆಂಪಾಗಿದ್ದವು.

"ಆಚಾರ್ರೇ, ಕಾಲು!"

"ಎಂತ ಆಯ್ತು ಕಾಲಿಗೆ?" ಬಗ್ಗಿ ನೋಡಿದರು. ಹೆಬ್ಬೆರಳಿನ ಅಂಚು ಸೀಳಿತ್ತು. "ಓ" ಎಂದು ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿ ಮತ್ತೆ ಬಾಚಿ ಎತ್ತಿದರು.

ಅವರಿಗೆ ಗೊತ್ತೇ ಆಗಿರಲಿಲ್ಲ.

ಅಡುಗೆಮನೆಯಲ್ಲಿ ಅವರ ಹೆಂಡತಿ ತಗ್ಗಿದ ದನಿಯಲ್ಲಿ ಹೇಳಿದರು: "ಶುಗರ್. ಮೊನ್ನೆ ಕೆಂಡ ಮೆಟ್ಟಿದಾರೆ, ಸುಟ್ಟ ವಾಸ್ನೆ ಬಂದಿದ್ದು ನಂಗೆ, ಅವ್ರಿಗಲ್ಲ. ಅವ್ರ ಅಣ್ಣಂಗೂ ಹಿಂಗೇ ಆಗಿ ಕಾಲು ತೆಗೆದ್ರು. ಆಸ್ಪತ್ರೆ ಅಂದ್ರೆ ಊಟ ಬಿಟ್ಟು ಏಳ್ತಾರೆ. ನೀನು ವಾದ ಮಾಡಿ ಕಪ್ ತಂದವಳಲ್ವಾ? ಗೆಲ್ಲು ನೋಡಾಣ."

ಅಲ್ಲಿಂದಾಚೆಗೆ ನನ್ನ ಕಿವಿಯೆಲ್ಲ ಬಾಚಿಯ ಸದ್ದಿನ ಮೇಲೆಯೇ. ಸದ್ದಿದ್ದರೆ ಮುಂದಿನ ಪೆಟ್ಟಿನ ಹೆದರಿಕೆ. ನಿಂತರೆ ಏಕೆ ನಿಂತಿತು ಎಂಬ ಹೆದರಿಕೆ. ನೀರು ತರುವ ನೆಪದಲ್ಲಿ ಹೋಗಿ ಅವರ ಕಾಲನ್ನೇ ನೋಡುತ್ತಿದ್ದೆ.

ಕೊನೆಗೆ ಹೇಳಿಯೇಬಿಟ್ಟೆ. "ಸಾಗರದಲ್ಲಿ ವೈಸ್ ಸಿಗುತ್ತೆ, ಮರವನ್ನ ಅದೇ ಕಚ್ಚಿ ಹಿಡಿಯುತ್ತೆ."

"ಕಬ್ಬಿಣಕ್ಕೆ ಮರ ಅಲುಗಿದ್ದು ಗೊತ್ತಾಗ್ತದಾ? ಕಾಲಿಗಾದ್ರೆ ಗೊತ್ತಾಗ್ತದೆ."

"ನಿಮ್ಮ ಕಾಲಿಗೆ ಬಾಚಿ ತಾಗಿದ್ದೇ ಗೊತ್ತಾಗಲ್ಲ. ನಿಮ್ಮ ಕೈ ಮೇಲೆ ನನಗೆ ಅನುಮಾನವಿಲ್ಲ ಆಚಾರ್ರೇ, ಅನುಮಾನ ಕಾಲಿನ ಮೇಲೆ."

ಅವರು ನನ್ನನ್ನೇ ನೋಡಿದರು. "ಕೈ ಮೇಲೆ ಅನುಮಾನ ಇಲ್ವಾ? ಹಂಗಾರೆ ಗೊತ್ತಾಗೋ ಕಾಲು ನಿಂದು ಉಂಟಲ್ಲ. ಇಡು."

ನನ್ನ ಮಾತೇ ನನ್ನನ್ನು ಮೂಲೆಗೆ ತಳ್ಳಿತ್ತು. ಎದುರು ಕೂತು ಹಲಗೆಯ ಮೇಲೆ ಪಾದ ಇಟ್ಟೆ. ಮರ ತಣ್ಣಗಿತ್ತು. ಬೆರಳುಗಳು ತಾವಾಗಿ ಮಡಚಿಕೊಂಡವು. ಬಾಚಿ ಮೇಲೆದ್ದಿತು. ಕಣ್ಣು ಮುಚ್ಚಬಾರದೆಂದುಕೊಂಡೆ, ಮುಚ್ಚಿದೆ.

ಪೆಟ್ಟು ಬೀಳಲಿಲ್ಲ. ಕಣ್ಣು ತೆರೆದಾಗ ಎತ್ತಿದ ಬಾಚಿ ಗಾಳಿಯಲ್ಲೇ ನಿಂತಿತ್ತು. ಅದನ್ನು ಮೆಲ್ಲಗೆ ಇಳಿಸಿ ಪಕ್ಕಕ್ಕಿಟ್ಟರು. ಹಣೆಯಲ್ಲಿ ಬೆವರು.

"ಕಾಲು ತೆಗಿ," ಎಂದರು. ಆಮೇಲೆ ಒಳಗಿದ್ದ ಹೆಂಡತಿಗೆ ಕೇಳುವಂತೆ, "ಹೊಸನಗರದ ಬಸ್ ಎಷ್ಟೊತ್ತಿಗೆ?"

ಆಸ್ಪತ್ರೆಯಲ್ಲಿ ಡಾಕ್ಟರರು ಅವರನ್ನು ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ನೈಲಾನ್ ಎಳೆಯೊಂದನ್ನು ಪಾದಕ್ಕೆ ತಾಗಿಸುತ್ತೇನೆ, ತಾಗಿದಾಗ ಹೇಳಿ ಎಂದರು. ಆಚಾರ್ರ ಹೆಂಡತಿ ನನ್ನ ಮುಂಗೈ ಹಿಡಿದುಕೊಂಡರು.

"ಗೊತ್ತಾಯ್ತು," ಎಂದರು ಆಚಾರ್ರು ಗಟ್ಟಿಯಾಗಿ.

ಡಾಕ್ಟರರು ಇನ್ನೂ ಎಳೆಯನ್ನು ಕೈಗೆ ತೆಗೆದುಕೊಂಡಿರಲಿಲ್ಲ.

"ಈಗ್ಲೂ ಗೊತ್ತಾಯ್ತು," ಎಂದರು ಮತ್ತೆ. ನಾನು ಇನ್ನೊಂದು ಕೈಯನ್ನು ಅವರ ಪಾದದ ಮೇಲಿಟ್ಟೆ.