ತಾತನ ಚುಟ್ಟಾಕ್ಕೆ ಸಿಂಗಪುರದ ಸುಂಕ

ಸಿಂಗಪುರದ ವಿಮಾನ ನಿಲ್ದಾಣದಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ನನ್ನ ಚೀಲದಿಂದ ತೆಂಗಿನಕಾಯಿ ತೆಗೆದು, ಕಿವಿಗೆ ಹಿಡಿದು ಅಲ್ಲಾಡಿಸಿದಳು. ನಮ್ಮ ಹಾಲ್ಕುರಿಕೆಯಲ್ಲಿ ಅಟ್ಟದ ಕಾಯಿ ಕೊಬ್ಬರಿಯಾಗಿದೆಯೇ ಎಂದು ನೋಡುವುದೂ ಹೀಗೆಯೇ. ಪರವಾಗಿಲ್ಲ, ಕೆಲಸ ಬಲ್ಲವಳು ಎಂದುಕೊಂಡೆ. ಅವಳು ಕಾಯಿಗೆ ಸುತ್ತಿದ್ದ ನಾರಿನ ಹುರಿ ಬಿಚ್ಚಿದಳು. ಎರಡು ಕರಟ ಬೇರೆಯಾಗಿ, ಒಳಗಿದ್ದ ಚುಟ್ಟಾಗಳು ಮೇಜಿನ ಮೇಲೆ ಉರುಳಿದವು.

ಮೊಮ್ಮಕ್ಕಳೇ, ಅಜ್ಜಿ ಕಳ್ಳಸಾಗಣೆ ಮಾಡಿ ಸಿಕ್ಕಿಬಿದ್ದಳೆಂದು ನಿಮ್ಮ ಕಂದಿಕೆರೆಯಲ್ಲೂ ಸುದ್ದಿಯಂತೆ. ಅದಕ್ಕೇ ನಡೆದದ್ದನ್ನು ನಾನೇ ಬರೆಯುತ್ತಿದ್ದೇನೆ.

ಇಲ್ಲಿ ನರ್ಸ್ ಆಗಿರುವ ನಿಮ್ಮ ಚಿಕ್ಕಮ್ಮ ಶಶಿ ನನ್ನನ್ನು ಜೊತೆಗಿಟ್ಟುಕೊಳ್ಳಲು ಊರಿಗೆ ಬಂದು ಕರೆತಂದಳು. ಹಿರಿಯರ ಹಬ್ಬ ಹತ್ತಿರದಲ್ಲಿತ್ತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ ಎಡೆಯಿಟ್ಟು ಕರೆಯಬೇಕಲ್ಲ? ಚುಟ್ಟಾ ಇಲ್ಲದ ಎಡೆಗೆ ನಿಮ್ಮ ತಾತ ಬರುವವರಲ್ಲ. ಬದುಕಿದ್ದಾಗ ಅವರು ಚುಟ್ಟಾ ಇಡುತ್ತಿದ್ದದ್ದು ಜೋಡು ಕರಟದಲ್ಲಿ. ಮುರಿಯುವುದಿಲ್ಲ, ಒಣಗಿ ಪುಡಿಯಾಗುವುದಿಲ್ಲ. ನಾನೂ ಹಾಗೇ ಕಟ್ಟಿ ತಂದೆ.

"ಅಮ್ಮಾ, ನಂಗ್ಯಾಕೆ ಹೇಳ್ಲಿಲ್ಲ?" ಎಂದಳು ಶಶಿ.

"ಹೇಳಿದ್ರೆ ತರಕ್ಕೆ ಬುಡ್ತಿದ್ಯೇನೇ?"

ಈ ದೇಶಕ್ಕೆ ಒಂದೇ ಚುಟ್ಟಾ ತಂದರೂ ಕೆಂಪು ದಾರಿಯಲ್ಲಿ ಹೋಗಿ, ಹೇಳಿ, ಸುಂಕ ಕಟ್ಟಬೇಕು. ನಾವು ಬಂದದ್ದು ಹಸಿರು ದಾರಿಯಲ್ಲಿ. ಹಸಿರೆಂದರೆ ನನ್ನ ಬಳಿ ಏನೂ ಇಲ್ಲ ಎಂದು ಸಾರಿದಂತೆ. ಸಾಲದ್ದಕ್ಕೆ ಕಾಯೊಳಗೆ ಬಚ್ಚಿಟ್ಟಿದ್ದೇನೆ ಎಂದು ಆ ಹುಡುಗಿಯ ಆಪಾದನೆ.

"ಮುರೀಬಾರ್ದು ಅಂತ ಇಟ್ಟಿದ್ದು ಅಂತ ಹೇಳೇ. ಬಚ್ಚಿಡೋಳಾಗಿದ್ರೆ ಗಡಗಡ ಅನ್ನೋ ಕಾಯೊಳಗೆ ಇಡ್ತಿದ್ನಾ?"

ಶಶಿ ಇಂಗ್ಲಿಷಿನಲ್ಲಿ ಹೇಳಿದಳು. ಸೇದುವವರು ಯಾರು ಎಂದು ಹುಡುಗಿ ಕೇಳಿದಳಂತೆ. ಸತ್ತ ಗಂಡನಿಗೆ ಎಂದಾಗ ಅವಳ ಮುಖ ಸ್ವಲ್ಪ ಸಡಿಲಾಯಿತು. ಅವಳು ಚೀನೀ ಮನೆಯವಳು. ಅವರೂ ತಾತನಿಗೆ ಸಿಗರೇಟು ಹಚ್ಚಿಡುತ್ತಾರಂತೆ. ಆದರೂ ದಂಡ ಹಾಕಿದಳು, ಚುಟ್ಟಾಗಳನ್ನೂ ಕಿತ್ತುಕೊಂಡಳು.

"ಸಾರಿ ಅನ್ನಮ್ಮ," ಎಂದು ಶಶಿ ನನ್ನ ಕಿವಿಯಲ್ಲಿ ಹೇಳಿದಳು.

"ದಂಡ ಕಟ್ಟಿದೀವಲ್ಲ, ಸಾರಿನೂ ಬೇಕಂತಾ?" ಎಂದೆ. ಸಾರಿ ಮಾತ್ರ ನಾನು ಅನ್ನಲೇ ಇಲ್ಲ.

ಮನೆ ಇರುವುದು ಮುಗಿಲೆತ್ತರದ ಸರ್ಕಾರಿ ಕಟ್ಟಡದಲ್ಲಿ, ಎಚ್‌ಡಿಬಿ ಎನ್ನುತ್ತಾರೆ. ಊರಲ್ಲಿ ಕತ್ತೆತ್ತಿ ನೋಡುತ್ತಿದ್ದ ತೆಂಗಿನ ಸುಳಿಯನ್ನು ಇಲ್ಲಿ ಕಿಟಕಿಯಿಂದ ಬಗ್ಗಿ ನೋಡುತ್ತೇನೆ. ದಾರಿಹೋಕರ ತಲೆಗೆ ಬೀಳಬಾರದೆಂದು ಎಳೆಗಾಯನ್ನೇ ಕಿತ್ತು ಎಸೆಯುತ್ತಾರೆ. ಅದನ್ನು ಮೊದಲು ಕಂಡ ದಿನ ನನಗೆ ಊಟ ಸೇರಲಿಲ್ಲ. ಕಾಫಿಗೆ ಕೋಪಿ ಎನ್ನುತ್ತಾರೆ, ಮಾತಿನ ಕೊನೆಗೆ ಲಾ ಸೇರಿಸುತ್ತಾರೆ. ಅದು ನಮ್ಮ ಕಡೆ ಗಂಡಸರನ್ನು ಕರೆಯುವ ಲಾ ಅಲ್ಲವೆಂದು ಗೊತ್ತಿದ್ದರೂ, ಊರಿನವರೇನೋ ಎಂದು ತಿರುಗಿ ನೋಡುತ್ತೇನೆ.

ಹಬ್ಬದ ಹಿಂದಿನ ದಿನ ಶಶಿ, "ಈ ವರ್ಷ ಪಾಯಸ, ವಡೆ ಸಾಕಮ್ಮ" ಎಂದು ಡ್ಯೂಟಿಗೆ ಹೋದಳು. ನಾನು ಸೆರಗು ಹೊದ್ದು ಒಬ್ಬಳೇ ಕೆಳಗಿಳಿದೆ. ಮೈದುನನೆದುರು ಬಾಗಿಲ ಮರೆಯಿಂದಲೇ ಮಾತಾಡಿದವಳು ನಾನು. ಊರಿನ ಅಂಗಡಿಯಲ್ಲಿ ಚುಟ್ಟಾ ಕೇಳಿದವಳೇ ಅಲ್ಲ. ಇಲ್ಲೋ ಹೊಗೆಸೊಪ್ಪಿನ ಪದಾರ್ಥವನ್ನು ಮುಚ್ಚಿದ ಬೀರುವಿನಲ್ಲಿ ಇಟ್ಟಿರುತ್ತಾರೆ. ಬೆರಳು ತೋರಿಸಿ ಬಚಾವಾಗುವಂತಿಲ್ಲ, ಬಾಯಿಬಿಟ್ಟೇ ಕೇಳಬೇಕು.

"ಸಿಗಾರ್," ಎಂದೆ. ಇನ್ನೂ ಜೋರಾಗಿ, "ಸಿಗಾರ್!"

ಅಂಗಡಿಯ ತಮಿಳರವನು ಕಣ್ಣರಳಿಸಿದ. "ಯಾರುಕ್ಕು ಪಾಟ್ಟಿ?" ಯಾರಿಗೆ ಅಜ್ಜಿ ಎಂದು ಅದರರ್ಥ.

"ನಂಗೇ ಕಣಪ್ಪ. ಕೊಡು."

ಸುಂಕ ಕಟ್ಟಿದ್ದ ಕಾನೂನಿನ ಚುಟ್ಟಾ ಕೈಗೆ ಬಂತು. ಮಾರನೆಯ ದಿನ ಎಡೆಯ ಪಕ್ಕ ಅದನ್ನು ಹಚ್ಚಿಟ್ಟೆ. ಶಶಿ ಎಲ್ಲ ಕಿಟಕಿ ತೆರೆದಳು. ಅಷ್ಟರಲ್ಲಿ ಊರಿಂದ ಮೈದುನನ ಫೋನು.

"ಅತ್ಗೆ, ಇಲ್ಲಿ ನಾವು ಎಡೆ ಇಟ್ಟಿದೀವಲ್ಲ, ಹೆಂಗಸ್ರು ನೀವ್ಯಾಕೆ ಬೇರೆ ಇಡ್ತೀರ? ಅಣ್ಣ ಸಮುದ್ರ ದಾಟ್ಕಂಡು ಬತ್ತಾನಾ?"

ಈಗ ಮರೆಗೆ ಬಾಗಿಲಿರಲಿಲ್ಲ. "ಹೆಣ್ಣು ಕೇಳಕ್ಕೆ ಬೋರನಕಣಿವೆ ಆಚೆ ನನ್ನ ತವರಿಗೇ ಹುಡುಕ್ಕಂಡು ಬಂದೋರು ಕಣಪ್ಪ, ದಾರಿ ಗೊತ್ತಾಗುತ್ತೆ ಬುಡು. ಅಲ್ಲಿ ಹೊಟ್ಟೆ ತುಂಬ ಬಡಿಸು. ಉಂಡಾದ್ಮೇಲೆ ಚುಟ್ಟಾ ಸೇದಕ್ಕೆ ಇಲ್ಲಿಗೆ ಕಳ್ಸು."

ಅವನಿಗೆ ನಗು ಬಂತೋ ಸಿಟ್ಟು ಬಂತೋ, ಫೋನಿಟ್ಟ.

ನೋಡಿದರೆ ಚುಟ್ಟಾ ಅರ್ಧಕ್ಕೇ ಆರಿತ್ತು. ಶಶಿ ಎತ್ತಿ ಬಿಸಾಡಲು ಹೋದಳು.

"ಇರ್ಲಿ ಬುಡೇ," ಎಂದೆ. "ನಿಮ್ಮಪ್ಪ ಹಾಲ್ಕುರಿಕೇಲಿ ಇನ್ನೂ ಕೈ ತೊಳೀತಿರ್ತಾರೆ." ಮತ್ತೊಂದು ಕಡ್ಡಿ ಗೀರಿದೆ.